ಪಾದದ ಕಮಾನು, ನಮ್ಮ ನಡಿಗೆ

ನಮ್ಮ ಕಲಿಕಾ ಕೇಂದ್ರ ಲಿಂಗರಾಜಪುರದ ಒಂದು ಗಲ್ಲಿಯಲ್ಲಿದೆ. ಸಂಜೆ ಏಳು ಗಂಟೆಗೆ ಪಾಠ ಶುರು. ಮನೆಗೆಲಸ ಮುಗಿಸಿ ಬರುವವರಿದ್ದಾರೆ. ಗಾರ್ಮೆಂಟ್ಸ್‌ನಿಂದ ನೇರವಾಗಿ ಬರುವವರಿದ್ದಾರೆ. ಶಿವಾಜಿನಗರದಿಂದ ಹೂವು ತಂದು ಕಟ್ಟಿ ಮಾರುವವರಿದ್ದಾರೆ. ಮನೆಯಲ್ಲಿ ತಮಿಳು, ತೆಲುಗು, ಉರ್ದು ಮಾತಾಡುವವರೂ ಇದ್ದಾರೆ. ಎಲ್ಲರೂ ಒಟ್ಟಿಗೆ ಕೂತು ಕನ್ನಡ ಅಕ್ಷರ ಕಲಿತರು.

ಅವರಲ್ಲಿ ಒಬ್ಬ ಅಕ್ಕ. ದಿನಾ ಎಚ್.ಆರ್.ಬಿ.ಆರ್. ಬಡಾವಣೆಗೆ ನಡೆದುಕೊಂಡು ಹೋಗುತ್ತಾರೆ. ಅಲ್ಲಿ ನಾಲ್ಕು ಮನೆ ಕೆಲಸ. ಪಾಠಕ್ಕೆ ಒಂದು ದಿನವೂ ತಪ್ಪಿಸಿದವರಲ್ಲ. ಹೋದ ವರ್ಷ ಎರಡು ವಾರ ಬರಲೇ ಇಲ್ಲ. ಏನಾಯಿತು ಎಂದು ನಾವು ಅವರ ಮನೆಗೆ ಹೋದೆವು.

"ಬೆಳಿಗ್ಗೆ ಎದ್ದು ಕಾಲು ಕೆಳಗಿಟ್ಟರೆ ಹಿಮ್ಮಡಿಗೆ ಮೊಳೆ ಹೊಡೆದ ಹಾಗೆ ಆಗುತ್ತೆ ಮಿಸ್. ಹತ್ತು ಹೆಜ್ಜೆ ಹಾಕಿದ ಮೇಲೆ ಸ್ವಲ್ಪ ಸಡಿಲ ಆಗುತ್ತೆ. ಸಂಜೆ ಹೊತ್ತಿಗೆ ಮತ್ತೆ ಅದೇ ನೋವು. ಎರಡು ಮನೆ ಬಿಟ್ಟುಬಿಟ್ಟೆ" ಎಂದರು.

ನಾಲ್ಕರಲ್ಲಿ ಎರಡು ಮನೆ ಬಿಟ್ಟರೆ ಎಷ್ಟು ಹೋಯಿತು? ಅರ್ಧ ಸಂಪಾದನೆ ಹೋಯಿತು.

ಅವರ ಅತ್ತೆ ಪಕ್ಕದಲ್ಲೇ ಕೂತು ಸೊಪ್ಪು ಬಿಡಿಸುತ್ತಿದ್ದರು. "ಅವಳದು ಚಪ್ಪಟೆ ಪಾದ ಇರಬೇಕು ಮಿಸ್. ಚಪ್ಪಟೆ ಪಾದದವಳು ಮನೆಗೆ ಬಂದರೆ ಏಳಿಗೆ ಇಲ್ಲ ಅಂತ ನಮ್ಮವ್ವ ಹೇಳೋರು. ಹೆಣ್ಣು ನೋಡೋಕೆ ಹೋದಾಗಲೇ ಕಾಲು ನೋಡಬೇಕಿತ್ತು" ಎಂದರು. ಅಕ್ಕ ತಲೆ ತಗ್ಗಿಸಿದರು. ಒಂದು ಮಾತೂ ಆಡಲಿಲ್ಲ.

ನಮಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಮಾರನೇ ವಾರ ಪಾಠಕ್ಕೆ ಪಾದವನ್ನೇ ತೆಗೆದುಕೊಂಡೆವು. ಅತ್ತೆಯವರನ್ನೂ ಕರೆದೆವು. ಅವರು ಬಂದರು. ಬರುವಾಗ "ನನಗೇನು ಅಕ್ಷರ ಕಲಿಸಬೇಡಿ" ಎಂದು ಮೊದಲೇ ಹೇಳಿದರು.

ಒದ್ದೆ ಹೆಜ್ಜೆ

ಒಂದು ಬೇಸಿನ್‌ನಲ್ಲಿ ನೀರು ಇಟ್ಟೆವು. ನೆಲದ ಮೇಲೆ ಹಳೇ ಪೇಪರ್ ಹಾಸಿದೆವು. ಒಬ್ಬೊಬ್ಬರೇ ಪಾದ ಅದ್ದಿ, ಪೇಪರ್ ಮೇಲೆ ನಿಂತು, ಪಕ್ಕಕ್ಕೆ ಸರಿದರು. ಪೇಪರ್ ಮೇಲೆ ಒದ್ದೆ ಹೆಜ್ಜೆ ಉಳಿಯಿತು. ಅದು ಒಣಗುವ ಮೊದಲೇ ಪೆನ್ಸಿಲ್‌ನಿಂದ ಸುತ್ತ ಗೆರೆ ಎಳೆದೆವು.

ನೀವೂ ಮಾಡಿ ನೋಡಿ. ಬಚ್ಚಲಿಂದ ಬರುವಾಗ ಒಣ ಸಿಮೆಂಟ್ ನೆಲದ ಮೇಲೆ ಹೆಜ್ಜೆ ಇಟ್ಟರೂ ಸಾಕು.

ಹೆಚ್ಚಿನವರ ಹೆಜ್ಜೆಯಲ್ಲಿ ಹಿಮ್ಮಡಿ ದುಂಡಗೆ ಕಾಣುತ್ತದೆ. ಮುಂದೆ ಬೆರಳುಗಳ ಬುಡ ಅಗಲವಾಗಿ ಕಾಣುತ್ತದೆ. ನಡುವೆ ಹೊರ ಅಂಚಿನಲ್ಲಿ ಒಂದು ಪಟ್ಟಿ ಮಾತ್ರ ಒದ್ದೆ. ಒಳಮಗ್ಗುಲು ನೆಲ ಮುಟ್ಟಿರುವುದಿಲ್ಲ. ಅಲ್ಲಿ ಪೇಪರ್ ಒಣಗಿಯೇ ಇರುತ್ತದೆ.

ಕೆಲವರ ಹೆಜ್ಜೆಯಲ್ಲಿ ನಡುವೆಯೂ ಪೂರ್ತಿ ಒದ್ದೆ. ರೊಟ್ಟಿ ತಟ್ಟಿದ ಹಾಗೆ ಇಡೀ ಪಾದ ಮೂಡಿರುತ್ತದೆ. ಇದನ್ನು ಚಪ್ಪಟೆ ಪಾದ ಎನ್ನುತ್ತಾರೆ. ಇನ್ನು ಕೆಲವರ ಹೆಜ್ಜೆಯಲ್ಲಿ ನಡುವಿನ ಪಟ್ಟಿ ದಾರದಷ್ಟು ಸಣ್ಣ. ಕೆಲವರಿಗೆ ಪಟ್ಟಿಯೇ ಇಲ್ಲ. ಹಿಮ್ಮಡಿ ಬೇರೆ, ಮುಂಗಾಲು ಬೇರೆ, ನಡುವೆ ಖಾಲಿ. ಇದು ಎತ್ತರ ಕಮಾನಿನ ಪಾದ.

ಅಕ್ಕನ ಹೆಜ್ಜೆ ಹೇಗಿತ್ತು ಗೊತ್ತೇ? ನಡುವೆ ಖಾಲಿ! ಅವರದು ಚಪ್ಪಟೆ ಪಾದವೇ ಅಲ್ಲ. ಎತ್ತರ ಕಮಾನು.

ಕೊನೆಗೆ ಅತ್ತೆಯವರು ಪಾದ ಅದ್ದಿ ನಿಂತರು. ಪೇಪರ್ ಮೇಲೆ ಮೂಡಿದ್ದು ಅಚ್ಚುಕಟ್ಟಾದ ರೊಟ್ಟಿ. ಎಲ್ಲರೂ ನಕ್ಕುಬಿಟ್ಟರು. ಅತ್ತೆಯವರು ಮೊದಲು ಸಿಟ್ಟಾದರು. ಆಮೇಲೆ ತಾವೂ ನಕ್ಕರು. "ಮೂವತ್ತು ವರ್ಷ ತಲೆ ಮೇಲೆ ಸೊಪ್ಪಿನ ಬುಟ್ಟಿ ಹೊತ್ತು ಬೀದಿ ಬೀದಿ ತಿರುಗಿದ್ದೀನಿ. ಒಂದು ದಿನ ಕಾಲು ನೋವು ಅಂತ ಕೂತವಳಲ್ಲ" ಎಂದರು. ಅದು ನಿಜ. ಚಪ್ಪಟೆ ಪಾದ ಇದ್ದವರಿಗೆಲ್ಲ ನೋವು ಇರುವುದಿಲ್ಲ.

ಕಮಾನು ಯಾಕೆ ಬೇಕು?

ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾದ ಬಾಗಿಲು ನೋಡಿದ್ದೀರಿ. ಮಸೀದಿಯ ಬಾಗಿಲು ನೋಡಿದ್ದೀರಿ. ಮೇಲೆ ಬಾಗಿದ ಆಕಾರ ಇರುತ್ತದೆ. ಅದೇ ಕಮಾನು. ಮೇಲಿನ ಭಾರವನ್ನು ಅದು ಎರಡೂ ಕಡೆಗೆ ಇಳಿಸುತ್ತದೆ. ಅಂಗಾಲಿನಲ್ಲೂ ಅಂಥದ್ದೇ ಒಂದು ಕಮಾನು ಇದೆ. ಅದರ ಒಂದು ಕಾಲು ಹಿಮ್ಮಡಿ. ಇನ್ನೊಂದು ಕಾಲು ಬೆರಳುಗಳ ಬುಡ.

ಆದರೆ ಕಟ್ಟಡದ ಕಮಾನು ಅಲುಗಾಡುವುದಿಲ್ಲ. ನಮ್ಮ ಪಾದದ ಕಮಾನು ಅಲುಗಾಡುತ್ತದೆ. ಅಲುಗಾಡಲೇಬೇಕು.

ನಮ್ಮ ಮೈಯಲ್ಲಿ ಒಟ್ಟು 206 ಮೂಳೆ. ಒಂದು ಪಾದದಲ್ಲಿ 26. ಎರಡು ಪಾದ ಸೇರಿದರೆ 52. ಅಂದರೆ ಮೈಯ ಮೂಳೆಗಳಲ್ಲಿ ಕಾಲು ಭಾಗ ಪಾದದಲ್ಲೇ ಇದೆ! ಈ ಸಣ್ಣ ಸಣ್ಣ ಮೂಳೆಗಳನ್ನು ಗಟ್ಟಿ ಪಟ್ಟಿಗಳು ಬಿಗಿದು ಹಿಡಿದಿವೆ. ಅಂಗಾಲಿನ ಉದ್ದಕ್ಕೂ ಒಂದು ದಪ್ಪ ಪಟ್ಟಿ ಇದೆ. ಹಿಮ್ಮಡಿಯಿಂದ ಹೊರಟು ಬೆರಳುಗಳವರೆಗೆ ಹೋಗುತ್ತದೆ. ಬಿಲ್ಲಿಗೆ ಹೆದೆ ಕಟ್ಟಿದ ಹಾಗೆ. ಅಕ್ಕನಿಗೆ ನೋವು ಬಂದದ್ದು ಈ ಪಟ್ಟಿ ಹಿಮ್ಮಡಿಗೆ ಸೇರುವ ಜಾಗದಲ್ಲಿ.

ಈಗ ಎದ್ದು ನಿಲ್ಲಿ. ಪುಸ್ತಕ ಕೈಯಲ್ಲೇ ಇರಲಿ. ನಿಧಾನವಾಗಿ ಒಂದು ಹೆಜ್ಜೆ ಹಾಕಿ.

ಮೊದಲು ನೆಲ ಮುಟ್ಟಿದ್ದು ಯಾವುದು? ಹಿಮ್ಮಡಿ. ಅದರಲ್ಲೂ ಹಿಮ್ಮಡಿಯ ಹೊರ ಅಂಚು. ಅದಕ್ಕೇ ಎಲ್ಲರ ಚಪ್ಪಲಿಯೂ ಹಿಂದೆ, ಹೊರಮಗ್ಗುಲಿಗೆ ಸ್ವಲ್ಪ ಸವೆದಿರುತ್ತದೆ. ಆಮೇಲೆ ಪಾದ ಪೂರ್ತಿ ನೆಲಕ್ಕೆ ಕೂರುತ್ತದೆ. ಇನ್ನೊಂದು ಕಾಲು ಮೇಲೆದ್ದಿದೆ. ಮೈಭಾರವೆಲ್ಲ ಈ ಒಂದೇ ಪಾದದ ಮೇಲೆ. ಆಗ ಕಮಾನು ತುಸು ತಗ್ಗುತ್ತದೆ. ಪಾದ ಒಳಮಗ್ಗುಲಿಗೆ ಸ್ವಲ್ಪ ವಾಲುತ್ತದೆ. ಹೀಗೆ ತಗ್ಗುವುದರಿಂದ ನೆಲದ ಪೆಟ್ಟು ಮೊಣಕಾಲಿಗೆ, ಸೊಂಟಕ್ಕೆ ಜೋರಾಗಿ ಬಡಿಯುವುದಿಲ್ಲ. ಈ ಹೊತ್ತಿನಲ್ಲಿ ಪಾದ ಮೆತ್ತಗಿರುತ್ತದೆ. ಕಲ್ಲಿರಲಿ, ಹಳ್ಳವಿರಲಿ, ನೆಲಕ್ಕೆ ಹೊಂದಿಕೊಳ್ಳುತ್ತದೆ. ನಮ್ಮ ಬೀದಿಯ ಫುಟ್‌ಪಾತಿಗೆ ಇದು ಬೇಕೇ ಬೇಕು.

ಇನ್ನೂ ಮುಂದೆ ಬನ್ನಿ. ಹಿಮ್ಮಡಿ ಮೇಲೇಳುತ್ತದೆ. ಭಾರ ಬೆರಳುಗಳ ಬುಡಕ್ಕೆ ಬರುತ್ತದೆ. ಕೊನೆಗೆ ಹೆಬ್ಬೆರಳು ನೆಲವನ್ನು ಹಿಂದಕ್ಕೆ ತಳ್ಳುತ್ತದೆ. ಈಗ ಪಾದ ಮೆತ್ತಗಿದ್ದರೆ ಆಗುತ್ತದೆಯೇ? ಆಗುವುದಿಲ್ಲ. ಗುಂಡಿ ತೋಡುವ ಹಾರೆ ಬಾಗಿದರೆ ಮಣ್ಣು ಏಳುತ್ತದೆಯೇ? ತಳ್ಳುವಾಗ ಪಾದ ಹಾರೆಯ ಹಾಗೆ ಗಟ್ಟಿ ಆಗಬೇಕು.

ಅದೇ ಪಾದ ಒಮ್ಮೆ ಮೆತ್ತಗೆ, ಮರುಗಳಿಗೆಗೆ ಗಟ್ಟಿ. ಇದು ಹೇಗೆ?

ನಿಮ್ಮ ಪಕ್ಕದವರನ್ನು ನಿಲ್ಲಿಸಿ. ಅವರು ಕಾಲು ಬಿಗಿಯದೆ ಸುಮ್ಮನೆ ನಿಂತಿರಲಿ. ಅವರ ಹೆಬ್ಬೆರಳನ್ನು ಕೈಯಿಂದ ಮೇಲಕ್ಕೆತ್ತಿ. ಒಳಮಗ್ಗುಲಿನ ಕಮಾನು ನೋಡುತ್ತಿರಿ. ಏನಾಯಿತು? ಕಮಾನು ತಾನಾಗಿ ಮೇಲೆದ್ದಿತು, ಅಲ್ವಾ? ಬಾವಿಯ ರಾಟೆಗೆ ಹಗ್ಗ ಸುತ್ತಿಕೊಂಡರೆ ಕೊಡ ಮೇಲೆ ಬರುತ್ತದೆ. ಹಾಗೆಯೇ ಹೆಬ್ಬೆರಳು ಬಾಗಿದಾಗ ಅಂಗಾಲಿನ ಪಟ್ಟಿ ಬೆರಳಿನ ಬುಡಕ್ಕೆ ಸುತ್ತಿ ಬಿಗಿಯಾಗುತ್ತದೆ. ಹಿಮ್ಮಡಿಯನ್ನು ಮುಂದಕ್ಕೆ ಎಳೆಯುತ್ತದೆ. ಕಮಾನು ಏಳುತ್ತದೆ, ಪಾದ ಗಟ್ಟಿಯಾಗುತ್ತದೆ. 1954ರಲ್ಲಿ ಇಂಗ್ಲೆಂಡಿನ ಹಿಕ್ಸ್ ಎಂಬ ವೈದ್ಯರು ಇದನ್ನು ವಿವರಿಸಿ ಬರೆದರು. ಅವರೂ ರಾಟೆಯ ಹೋಲಿಕೆಯನ್ನೇ ಕೊಟ್ಟರು.

ಹತ್ತು ರೂಪಾಯಿ ನೋಟು

ಪಾದದಲ್ಲಿ ಇನ್ನೊಂದು ಕಮಾನೂ ಇದೆ. ಅದು ಅಡ್ಡ ಕಮಾನು. ಪಾದದ ಮೇಲ್ಭಾಗವನ್ನು ಅಡ್ಡಡ್ಡಲಾಗಿ ಸವರಿ ನೋಡಿ. ನಡುವೆ ಉಬ್ಬು ಇದೆ.

ಈ ಅಡ್ಡ ಕಮಾನಿನ ಕೆಲಸ ತಿಳಿಯಲು ಒಂದು ಹತ್ತು ರೂಪಾಯಿ ನೋಟು ತೆಗೆದುಕೊಳ್ಳಿ. ಒಂದು ತುದಿಯನ್ನು ಚಪ್ಪಟೆಯಾಗಿ ಹಿಡಿಯಿರಿ. ಇನ್ನೊಂದು ತುದಿ ಜೋತು ಬೀಳುತ್ತದೆ. ಈಗ ಹಿಡಿದ ತುದಿಯನ್ನು ದೋಣಿಯ ಹಾಗೆ ಸ್ವಲ್ಪ ಬಾಗಿಸಿ ಹಿಡಿಯಿರಿ. ನೋಟು ನೆಟ್ಟಗೆ ನಿಲ್ಲುತ್ತದೆ. ನೋಟು ಅದೇ, ಬಾಗಿದ್ದಕ್ಕೆ ಗಟ್ಟಿ ಆಯಿತು. (ತೀರಾ ಹಳೇ ನೋಟು ಬೇಡ. ನಮ್ಮ ಪಾಠದಲ್ಲಿ ಒಬ್ಬರ ನೋಟು ಹರಿದುಹೋಗಿ ದೊಡ್ಡ ಪಂಚಾಯಿತಿಯೇ ಆಯಿತು.)

ಪಾದಕ್ಕೂ ಹೀಗೇ ಎಂದು 2020ರಲ್ಲಿ ವಿಜ್ಞಾನಿಗಳು ತೋರಿಸಿದರು. ಪಾದದ ಗಟ್ಟಿತನದಲ್ಲಿ ನೂರಕ್ಕೆ ನಲವತ್ತು ಪಾಲಿಗಿಂತ ಹೆಚ್ಚು ಈ ಅಡ್ಡ ಕಮಾನಿನಿಂದ ಬರುತ್ತದೆ ಎಂದರು. ಆ ತಂಡದ ಮುಂದಾಳುಗಳಲ್ಲಿ ಒಬ್ಬರು ಮಧುಸೂದನ್ ವೆಂಕಡೇಶನ್. ಅವರು ಆಗ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿದ್ದರು. ಅದಕ್ಕೂ ಮೊದಲು ನಮ್ಮ ಬೆಂಗಳೂರಿನಲ್ಲೇ, ಜಿ.ಕೆ.ವಿ.ಕೆ. ಆವರಣದ ಎನ್.ಸಿ.ಬಿ.ಎಸ್. ಸಂಸ್ಥೆಯಲ್ಲಿ ಕೆಲಸ ಮಾಡಿದವರು. ಉದ್ದ ಕಮಾನು ತಗ್ಗಾಗಿರುವ ಕೆಲವರು ಯಾಕೆ ಆರಾಮಾಗಿ ನಡೆಯುತ್ತಾರೆ ಎಂಬುದಕ್ಕೆ ಇದೂ ಒಂದು ಉತ್ತರ ಇರಬಹುದು. ಒದ್ದೆ ಹೆಜ್ಜೆಯಲ್ಲಿ ಅಡ್ಡ ಕಮಾನು ಕಾಣುವುದಿಲ್ಲವಲ್ಲ!

ಆಕಾರ ಬೇರೆ, ನಡಿಗೆ ಬೇರೆ

ಚಪ್ಪಟೆ ಪಾದದವರು ಹೆಜ್ಜೆ ಇಟ್ಟಾಗ ಪಾದ ಒಳಗಡೆಗೆ ಹೆಚ್ಚು ವಾಲುತ್ತದೆ. ಮೆತ್ತಗಿರುವ ಹೊತ್ತು ಜಾಸ್ತಿ. ಗಟ್ಟಿ ಆಗುವುದು ತಡ. ಕಮಾನನ್ನು ಎತ್ತಿ ಹಿಡಿಯುವ ಒಂದು ನರ ಹರಡಿನ ಒಳಮಗ್ಗುಲಲ್ಲಿ ಇದೆ. ಹರಡು ಅಂದರೆ ನಾವು ಕಾಲು ಚೈನು ಹಾಕುವ ಜಾಗ. ಆ ನರಕ್ಕೆ ಕೆಲಸ ಹೆಚ್ಚು ಬೀಳುತ್ತದೆ. ತುಂಬಾ ಹೊತ್ತು ನಿಂತರೆ ಅಲ್ಲಿ ನೋವು ಬರಬಹುದು. ಕೆಲವರಿಗೆ ಮೊಣಕಾಲೂ ಒಳಕ್ಕೆ ತಿರುಗಿ ನೋಯುತ್ತದೆ.

ಎತ್ತರ ಕಮಾನಿನವರದು ಇದಕ್ಕೆ ಉಲ್ಟಾ. ಪಾದ ಯಾವಾಗಲೂ ಬಿಗಿ. ಬೇಕಾದಷ್ಟು ತಗ್ಗುವುದಿಲ್ಲ. ಪೆಟ್ಟು ಹೀರಿಕೊಳ್ಳುವುದು ಕಡಿಮೆ. ನೆಲ ಮುಟ್ಟುವ ಜಾಗವೂ ಕಡಿಮೆ. ಮೈಭಾರವೆಲ್ಲ ಹಿಮ್ಮಡಿ ಮತ್ತು ಬೆರಳುಗಳ ಬುಡದ ಮೇಲೆ. ಅಲ್ಲಿ ಚರ್ಮ ಜಡ್ಡುಗಟ್ಟುತ್ತದೆ, ಆಣಿ ಆಗುತ್ತದೆ. ಕಾಲು ಹೊರಗಡೆಗೆ ಮಗುಚಿ ಉಳುಕುವುದೂ ಹೆಚ್ಚು.

ಒಂದು ಲೆಕ್ಕ ಮಾಡೋಣ. ಒಂದು ಕಿಲೋಮೀಟರ್ ನಡೆಯಲು ಸುಮಾರು 1,400 ಹೆಜ್ಜೆ ಎಂದಿಟ್ಟುಕೊಳ್ಳಿ. ಅಕ್ಕ ಹೋಗಿ ಬರುವುದು 4 ಕಿಲೋಮೀಟರ್. ಒಟ್ಟು 5,600 ಹೆಜ್ಜೆ. ಒಂದೊಂದು ಪಾದಕ್ಕೆ 2,800. ಅಂದರೆ ದಾರಿಯಲ್ಲೇ ಅವರ ಬಲಗಾಲಿನ ಹಿಮ್ಮಡಿ 2,800 ಸಲ ನೆಲಕ್ಕೆ ಬಡಿಯುತ್ತದೆ. ಆಮೇಲೆ ನಾಲ್ಕು ಮನೆಯಲ್ಲಿ ಪಾತ್ರೆ ತೊಳೆಯುವುದು, ನೆಲ ಒರೆಸುವುದು, ಮೆಟ್ಟಿಲು ಹತ್ತುವುದು. ಎಲ್ಲ ಬರಿಗಾಲಲ್ಲಿ, ಗಟ್ಟಿ ಟೈಲ್ಸ್ ಮೇಲೆ. ಹಿಮ್ಮಡಿ ನೋವು ಚಪ್ಪಟೆ ಪಾದದವರಿಗೂ ಬರುತ್ತದೆ, ಎತ್ತರ ಕಮಾನಿನವರಿಗೂ ಬರುತ್ತದೆ. ಗಟ್ಟಿ ನೆಲದ ಮೇಲೆ ಗಂಟೆಗಟ್ಟಲೆ ನಿಲ್ಲುವವರಿಗೆ, ತೂಕ ಹೆಚ್ಚಿದವರಿಗೆ, ಮೀನಖಂಡ ಬಿಗಿಯಾದವರಿಗೆ ಹೆಚ್ಚು.

ಹೆಂಗಸರಿಗೆ ಇನ್ನೊಂದು ಕಾರಣವೂ ಇದೆ. ಬಸಿರಿನಲ್ಲಿ ಮೈಯ ಕೀಲುಗಳ ಪಟ್ಟಿ ಸ್ವಲ್ಪ ಸಡಿಲ ಆಗುತ್ತದೆ. ತೂಕವೂ ಏರುತ್ತದೆ. ಆಗ ಕಮಾನು ತಗ್ಗಿ ಪಾದ ತುಸು ಉದ್ದ ಆಗಬಹುದು. ಕೆಲವರಿಗೆ ಹೆರಿಗೆ ಆದ ಮೇಲೂ ಅದು ಹಾಗೇ ಉಳಿಯುತ್ತದೆ. ಮೊದಲ ಮಗು ಆದಮೇಲೆ ಹಳೇ ಚಪ್ಪಲಿ ಬಿಗಿಯಾಯಿತು ಎಂದು ನಮ್ಮ ಪಾಠದಲ್ಲಿ ಮೂವರು ಹೇಳಿದರು. ಅದು ಭ್ರಮೆ ಅಲ್ಲ.

ಮಕ್ಕಳ ಪಾದ

"ನನ್ನ ಮಗುವಿಗೆ ಎರಡು ವರ್ಷ. ಪಾದ ಪೂರ್ತಿ ಚಪ್ಪಟೆ ಮಿಸ್" ಎಂದು ಒಬ್ಬ ತಾಯಿ ಗಾಬರಿಯಿಂದ ಕೇಳಿದರು. ಗಾಬರಿ ಬೇಡ. ಚಿಕ್ಕ ಮಕ್ಕಳ ಪಾದವೆಲ್ಲ ಚಪ್ಪಟೆಯಾಗಿಯೇ ಕಾಣುತ್ತದೆ. ಅಂಗಾಲಿನಲ್ಲಿ ಕೊಬ್ಬು ತುಂಬಿರುತ್ತದೆ. ಮಗು ಓಡಾಡುತ್ತಾ ಬೆಳೆದ ಹಾಗೆ ಕಮಾನು ಮೂಡುತ್ತದೆ. ಮಗುವನ್ನು ತುದಿಗಾಲಲ್ಲಿ ನಿಲ್ಲಿಸಿ ನೋಡಿ. ಆಗ ಕಮಾನು ಕಂಡರೆ, ನೋವೂ ಇಲ್ಲದಿದ್ದರೆ, ಯಾವ ಔಷಧಿಯೂ ಬೇಡ. ವಿಶೇಷ ಬೂಟೂ ಬೇಡ. ನಮ್ಮ ಜೊತೆಯ ಟೀಚರ್ ಒಬ್ಬರು ಅಂಗಡಿಯವರ ಮಾತು ಕೇಳಿ ಮಗನಿಗೆ ದುಬಾರಿ ಬೂಟು ಕೊಂಡರು. ಆರು ತಿಂಗಳಿಗೆ ಬೂಟು ಗಿಡ್ಡ ಆಯಿತು. ಪಾದ ಮೊದಲಿನ ಹಾಗೇ ಇತ್ತು.

ನಮ್ಮ ಕರಾವಳಿಯ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಮೂಳೆ ವೈದ್ಯರಾದ ಉದಯಭಾಸ್ಕರ ರಾವ್ ಮತ್ತು ಬೆಂಜಮಿನ್ ಜೋಸೆಫ್ ಒಂದು ಕೆಲಸ ಮಾಡಿದರು. 4ರಿಂದ 13 ವರ್ಷದ 2,300 ಮಕ್ಕಳ ಹೆಜ್ಜೆಗುರುತು ತೆಗೆದು ನೋಡಿದರು. ನಾವು ಪೇಪರ್ ಮೇಲೆ ತೆಗೆದೆವಲ್ಲ, ಹೆಚ್ಚುಕಡಿಮೆ ಹಾಗೇ. 1992ರಲ್ಲಿ ಅದನ್ನು ಪ್ರಕಟಿಸಿದರು. ಬರಿಗಾಲಲ್ಲಿ ಬೆಳೆದ ಮಕ್ಕಳಲ್ಲಿ ನೂರಕ್ಕೆ ಸುಮಾರು 3 ಮಂದಿಗೆ ಚಪ್ಪಟೆ ಪಾದ ಇತ್ತು. ಬೂಟು, ಚಪ್ಪಲಿ ಹಾಕುವ ಮಕ್ಕಳಲ್ಲಿ ನೂರಕ್ಕೆ ಸುಮಾರು 9. ಬೆರಳು ಮುಚ್ಚುವ ಬೂಟು ಹಾಕುವವರಲ್ಲಿ ಎಲ್ಲಕ್ಕಿಂತ ಹೆಚ್ಚು.

ಹಾಗಂತ ಮಕ್ಕಳನ್ನು ರಸ್ತೆಗೆ ಬರಿಗಾಲಲ್ಲಿ ಬಿಡಬೇಡಿ. ಗಾಜು, ಮೊಳೆ ಇರುತ್ತದೆ. ಗಲೀಜು ಮಣ್ಣಿನಿಂದ ಕೊಕ್ಕೆ ಹುಳು ಕಾಲಿನ ಮೂಲಕವೇ ಮೈ ಸೇರುತ್ತದೆ. ಮನೆಯೊಳಗೆ, ಚೊಕ್ಕಟ ಅಂಗಳದಲ್ಲಿ ಬರಿಗಾಲಲ್ಲಿ ಆಡಲಿ. ಹೊರಗೆ ಹೋಗುವಾಗ ಚಪ್ಪಲಿ ಇರಲಿ.

ಇನ್ನು ಹೆಣ್ಣು ನೋಡುವ ಮಾತು. ಪಾದದ ಆಕಾರ ತಂದೆ ತಾಯಿಯಿಂದ ಬರುತ್ತದೆ, ಬೆಳೆದ ರೀತಿಯಿಂದ ಬರುತ್ತದೆ. ಅದರಿಂದ ಮನೆಗೆ ಏಳಿಗೆಯೂ ಇಲ್ಲ, ಕೇಡೂ ಇಲ್ಲ. ಸೈನ್ಯಕ್ಕೆ ಸೇರಿಸುವಾಗ ಚಪ್ಪಟೆ ಪಾದ ಇದೆಯೇ ಎಂದು ನೋಡುತ್ತಾರೆ, ನಿಜ. ಅದು ಭಾರ ಹೊತ್ತು ಮೈಲಿಗಟ್ಟಲೆ ನಡೆಯುವ ಕೆಲಸ ಎಂದು. ಸೊಸೆಯನ್ನು ಆರಿಸಲು ಅದು ಅಳತೆಗೋಲೇ? ಇದನ್ನು ನಾವು ಪಾಠದಲ್ಲಿ ಕೇಳಿದಾಗ ಅತ್ತೆಯವರು "ಸರಿ ಬಿಡಿ ಮಿಸ್" ಎಂದು ತಮ್ಮ ಪೇಪರನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

ಅಕ್ಕ ಏನು ಮಾಡಿದರು?

ನಾವು ಅಕ್ಕನನ್ನು ಶಿವಾಜಿನಗರದ ಬೌರಿಂಗ್ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅದು ಸರ್ಕಾರಿ ಆಸ್ಪತ್ರೆ. ಮೂಳೆ ವಿಭಾಗದ ಚೀಟಿ ಮಾಡಿಸಿದೆವು. ಚೀಟಿಯ ಮೇಲಿದ್ದ ಕೋಣೆ ನಂಬರನ್ನು ಅಕ್ಕನೇ ಓದಿ ಹುಡುಕಿದರು. ವೈದ್ಯರು ಹಿಮ್ಮಡಿ ಒತ್ತಿ ನೋಡಿದರು. ಅಂಗಾಲಿನ ಪಟ್ಟಿ ನೊಂದಿದೆ, ನಿಧಾನವಾಗಿ ವಾಸಿಯಾಗುತ್ತದೆ ಎಂದರು.

ಬೆಳಿಗ್ಗೆ ಹಾಸಿಗೆ ಬಿಡುವ ಮೊದಲೇ ಕಾಲು ಚಾಚಿ ಕೂರಬೇಕು. ಟವೆಲ್ಲನ್ನು ಬೆರಳುಗಳ ಬುಡಕ್ಕೆ ಹಾಕಿ ಎರಡೂ ಕೈಯಿಂದ ತಮ್ಮ ಕಡೆಗೆ ಎಳೆಯಬೇಕು. ಇಪ್ಪತ್ತು ಮೂವತ್ತು ಎಣಿಸುವವರೆಗೆ ಹಿಡಿದು ಬಿಡಬೇಕು. ಹೀಗೆ ಕೆಲವು ಸಲ. ರಾತ್ರಿಯೆಲ್ಲ ಕುಗ್ಗಿದ ಪಟ್ಟಿ ಮೆಲ್ಲಗೆ ಸಡಿಲ ಆಗುತ್ತದೆ. ಮೊದಲ ಹೆಜ್ಜೆಗೆ ಕಿತ್ತು ಬರುವ ಹಾಗೆ ನೋಯುವುದಿಲ್ಲ. ಗೋಡೆಗೆ ಕೈ ಒತ್ತಿ, ಒಂದು ಕಾಲು ಹಿಂದಿಟ್ಟು, ಹಿಮ್ಮಡಿ ಏಳದ ಹಾಗೆ ಮುಂದಕ್ಕೆ ಬಾಗುವುದು ಇನ್ನೊಂದು. ಇದರಿಂದ ಮೀನಖಂಡ ಸಡಿಲ ಆಗುತ್ತದೆ. ಸಂಜೆ ಕೂತಾಗ ತಣ್ಣೀರು ತುಂಬಿದ ಪ್ಲಾಸ್ಟಿಕ್ ಬಾಟಲಿಯನ್ನು ಅಂಗಾಲಿನ ಕೆಳಗೆ ಹಿಂದೆ ಮುಂದೆ ಉರುಳಿಸಬೇಕು. ಇವಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಕಷ್ಟ ಇದ್ದದ್ದು ಚಪ್ಪಲಿ ವಿಷಯದಲ್ಲಿ. ಬರಿಗಾಲಲ್ಲಿ ಗಟ್ಟಿ ನೆಲದ ಮೇಲೆ ನಿಲ್ಲಬೇಡಿ, ಹಿಮ್ಮಡಿಗೆ ಮೆತ್ತೆ ಇರುವ ಚಪ್ಪಲಿ ಹಾಕಿ ಎಂದು ವೈದ್ಯರು ಹೇಳಿದರು. ಆದರೆ ಕೆಲಸದ ಮನೆಗಳಲ್ಲಿ ಚಪ್ಪಲಿ ಹೊರಗೇ ಬಿಡಬೇಕು. ಅಕ್ಕ ಒಂದು ಜೊತೆ ಹೊಸ ಚಪ್ಪಲಿ ಕೊಂಡರು. ಅದನ್ನು ಬೀದಿಗೆ ಹಾಕಲಿಲ್ಲ. ಚೀಲದಲ್ಲಿ ತೆಗೆದುಕೊಂಡು ಹೋಗಿ "ಇದು ಒಳಗೆ ಮಾತ್ರ ಹಾಕೋದು ಅಮ್ಮಾ, ಡಾಕ್ಟರ್ ಹೇಳಿದ್ದಾರೆ" ಎಂದು ಕೇಳಿದರು. ಒಂದು ಮನೆಯವರು ಒಪ್ಪಿದರು. ಇನ್ನೊಂದು ಮನೆಯವರು ಒಪ್ಪಲಿಲ್ಲ. ಅಲ್ಲಿ ಅವರು ಪಾತ್ರೆ ತೊಳೆಯುವ ಜಾಗಕ್ಕೆ ದಪ್ಪ ಕಾಲೊರಸು ಹಾಕಿಕೊಂಡು ನಿಲ್ಲುತ್ತಾರೆ.

ನೋವು ಹೋಗಲು ಐದು ತಿಂಗಳು ಹಿಡಿಯಿತು. ಬಿಟ್ಟ ಎರಡು ಮನೆಯಲ್ಲಿ ಒಂದು ವಾಪಸ್ ಸಿಕ್ಕಿತು. ಇನ್ನೊಂದಕ್ಕೆ ಅಷ್ಟರಲ್ಲಿ ಬೇರೆಯವರು ಸೇರಿಕೊಂಡಿದ್ದರು.

ಯಾವಾಗ ತಡ ಮಾಡಬಾರದು?

ನಲವತ್ತು ದಾಟಿದ ಮೇಲೆ ಒಂದೇ ಪಾದ ಚಪ್ಪಟೆ ಆಗುತ್ತಾ ಬಂದರೆ, ಹರಡಿನ ಒಳಮಗ್ಗುಲು ಊದಿದರೆ, ಒಂಟಿ ಕಾಲಲ್ಲಿ ಹಿಮ್ಮಡಿ ಎತ್ತಲು ಆಗದಿದ್ದರೆ, ಆಸ್ಪತ್ರೆಗೆ ತೋರಿಸಿ.

ಸಕ್ಕರೆ ಕಾಯಿಲೆ ಇರುವವರು ಇನ್ನೂ ಹುಷಾರಾಗಿರಬೇಕು. ಅವರಿಗೆ ಪಾದದ ಸ್ಪರ್ಶ ಕಡಿಮೆ ಆಗಿರಬಹುದು. ಮುಳ್ಳು ಚುಚ್ಚಿದರೂ ಗೊತ್ತಾಗುವುದಿಲ್ಲ. ಒಳಗೆ ಮೂಳೆ ಕುಸಿದರೂ ಅಷ್ಟಾಗಿ ನೋಯುವುದಿಲ್ಲ. ಪಾದ ಕೆಂಪಾಗಿ, ಬಿಸಿಯಾಗಿ, ಊದಿಕೊಂಡರೆ ನೋವಿಲ್ಲ ಎಂದು ಸುಮ್ಮನಿರಬೇಡಿ. ಆ ಕಾಲ ಮೇಲೆ ಭಾರ ಹಾಕಬೇಡಿ, ಅದೇ ದಿನ ವೈದ್ಯರ ಹತ್ತಿರ ಹೋಗಿ. ಇಲ್ಲದಿದ್ದರೆ ಕಮಾನೇ ಕುಸಿದು ಪಾದ ಸೊಟ್ಟಾಗುತ್ತದೆ. ಮನೆಯೊಳಗೂ ಬರಿಗಾಲು ಬೇಡ. ಬಿಸಿನೀರಿನಲ್ಲಿ ಕಾಲು ಇಡಬೇಡಿ. ಇಂಥವರಿಗೆ ಎಂ.ಸಿ.ಆರ್. ಚಪ್ಪಲಿ ಎಂದು ಮೆತ್ತನೆ ರಬ್ಬರಿನ ಚಪ್ಪಲಿ ಸಿಗುತ್ತದೆ. ರಾತ್ರಿ ಮಲಗುವ ಮುಂಚೆ ಮಕ್ಕಳಿಗೆ ಅಂಗಾಲು ತೋರಿಸಿ, ಗಾಯ ಇದೆಯಾ ನೋಡು ಎನ್ನಿ.

ಮಾಡಿ ನೋಡಿ, ಬರೆಯಿರಿ

ನಿಮ್ಮ ಎರಡೂ ಪಾದದ ಒದ್ದೆ ಹೆಜ್ಜೆ ತೆಗೆಯಿರಿ. ಎರಡೂ ಒಂದೇ ಥರ ಇವೆಯೇ?

ನಿಮ್ಮ ಹಳೇ ಚಪ್ಪಲಿ ಯಾವ ಕಡೆ ಹೆಚ್ಚು ಸವೆದಿದೆ? ಪಕ್ಕದವರ ಚಪ್ಪಲಿಯ ಜೊತೆ ಹೋಲಿಸಿ.

ನಿಮ್ಮ ಮನೆಯಿಂದ ಕೆಲಸದ ಜಾಗಕ್ಕೆ ಎಷ್ಟು ಹೆಜ್ಜೆ? ನಾಳೆ ಎಣಿಸಿ, ನೋಟ್‌ಬುಕ್ಕಿನಲ್ಲಿ ಬರೆಯಿರಿ.